ಗಂಗಕ್ಕನ ಖಾಲಿ ಮೀನುಗಳು

ಗಂಗಕ್ಕ ನಿಂತುಕೊಂಡೇ ನಿದ್ದೆ ಮಾಡುತ್ತಿದ್ದರು. ಕೂತಲ್ಲಿ ತೂಕಡಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ, ನಾನೂ ಆ ಪೈಕಿಯವಳೇ. ಆದರೆ ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಬೆಳಗಿನ ಬಸ್ಸಿನ ನೂಕುನುಗ್ಗಲಿನಲ್ಲಿ, ಬಾಗಿಲ ಪಕ್ಕದ ಕಂಬಿಗೆ ಎಡಗೈ ಸುತ್ತಿ, ಬ್ಯಾಗನ್ನು ಎದೆಗೆ ಅವುಚಿಕೊಂಡು, ಸೊಗಸಾಗಿ ನಿದ್ದೆ ಹೋಗುವವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವ ಆಸೆಯನ್ನು ನಾವಿಬ್ಬರೂ ಬಿಟ್ಟಿದ್ದೆವು. ಹೆಬ್ಬೂರು ದಾಟುವ ಹೊತ್ತಿಗೆ ಅವರ ಬಾಯಿ ಸ್ವಲ್ಪ ತೆರೆದುಕೊಳ್ಳುತ್ತಿತ್ತು. ಕಂಡಕ್ಟರ್ ಅವರನ್ನು ಎಬ್ಬಿಸದೆ ಅವರ ಟಿಕೆಟನ್ನೂ ನನ್ನ ಕೈಗೇ ಕೊಟ್ಟು ಮುಂದೆ ಹೋಗುತ್ತಿದ್ದ. ಕುಣಿಗಲ್ ಬಂದಾಗ ಯಾರೂ ಕರೆಯಬೇಕಾಗಿರಲಿಲ್ಲ. ತಾವೇ ಕಣ್ಣು ಬಿಟ್ಟು, ಸೆರಗು ಸರಿಮಾಡಿಕೊಂಡು, "ಬಂತಾ? ಆಗ್ಲಿ ಬುಡು" ಎಂದು ಇಳಿಯುತ್ತಿದ್ದರು.

ಆ "ಆಗ್ಲಿ ಬುಡು" ಅವರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುತ್ತಿತ್ತು. ಸಂಬಳ ತಡವಾದರೂ ಆಗ್ಲಿ ಬುಡು, ಊಟದ ಡಬ್ಬಿ ಬಸ್ಸಿನಲ್ಲೇ ಉಳಿದುಹೋದರೂ ಆಗ್ಲಿ ಬುಡು, ಪ್ರಿನ್ಸಿಪಾಲರು ತಮ್ಮ ಕ್ಲಾಸನ್ನೂ ಇವರ ತಲೆಗೇ ಕಟ್ಟಿದರೂ ಆಗ್ಲಿ ಬುಡು. ಬೇಸರವನ್ನು ಬೇಸರ ಎಂದು ಹೇಳುವುದಕ್ಕೂ ಸ್ವಲ್ಪ ಚೈತನ್ಯ ಬೇಕು. ಅಷ್ಟೂ ಉಳಿಯದೆ ಇದ್ದವರು ಹೀಗೆ ಮಾತಾಡುತ್ತಾರೆ ಎಂದು ನನಗೆ ತಡವಾಗಿ ಗೊತ್ತಾಯಿತು.

ನಾವಿಬ್ಬರೂ ಕುಣಿಗಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯರು. ನಾನು ಕನ್ನಡ, ಅವರು ಪ್ರಾಣಿಶಾಸ್ತ್ರ. ಪೂರ್ತಿ ಹೆಸರು ಗಂಗಾಂಬಿಕ. ಹುಟ್ಟೂರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ, ಸಂಸಾರ ತುಮಕೂರಿನ ಬಾಡಿಗೆ ಮನೆಯಲ್ಲಿ. ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ನಾನು ಗಂಗಕ್ಕ ಎನ್ನುತ್ತಿದ್ದೆ. ಅತಿಥಿ ಎಂದರೆ ಉಪಚಾರ ಮಾಡಿಸಿಕೊಂಡು ಹೊರಡುವವರು. ನಮಗೆ ಉಪಚಾರವೂ ಇರಲಿಲ್ಲ, ಹೊರಡುವ ದಿನವೂ ಗೊತ್ತಿರಲಿಲ್ಲ. ಪ್ರತಿ ವರ್ಷ ತರಗತಿ ಶುರುವಾಗುವ ಹೊತ್ತಿಗೆ ಹೊಸದಾಗಿ ನೇಮಕವಾಗಬೇಕು. ಗಂಗಕ್ಕ ಹೀಗೆ ಹದಿನಾಲ್ಕು ವರ್ಷದಿಂದ ಅತಿಥಿಯಾಗಿಯೇ ಇದ್ದರು.

ಅವರ ಬದುಕಿನ ಇನ್ನೊಂದು ಪಾಲು ಒಂದು ಮೀನಿಗೆ ಹೋಗಿತ್ತು. ಮುಟ್ಟಿದರೆ ಶಾಕ್ ಹೊಡೆಯುವ ಒಂದು ಜಾತಿಯ ತೊರಕೆ ಮೀನು. ನಮ್ಮ ಕಡೆಯವರಿಗೆ ಹೇಳುವುದಾದರೆ, ಹೆಂಚಿನ ಮೇಲೆ ಹುಯ್ದ ದೋಸೆಗೆ ಬಾಲ ಬಂದರೆ ಹೇಗಿರುತ್ತದೋ ಹಾಗಿರುತ್ತದೆ. ಸಮುದ್ರದ ತಳದ ಮರಳಿನಲ್ಲಿ ಮೈ ಹುದುಗಿಸಿಕೊಂಡು ಬಿದ್ದಿರುವ, ಯಾರೂ ತಿನ್ನದ, ಯಾರೂ ಕೊಳ್ಳದ ಮೀನು. ಅದು ಹೇಗೆ ಬಸುರಾಗುತ್ತದೆ, ಎಷ್ಟು ಮರಿ ಹಾಕುತ್ತದೆ, ಎಷ್ಟು ವರ್ಷಕ್ಕೊಮ್ಮೆ ಹಾಕುತ್ತದೆ ಎಂಬುದು ಗಂಗಕ್ಕನ ಡಾಕ್ಟರೇಟಿನ ವಿಷಯ. ಈರುಳ್ಳಿ ಬೆಳ್ಳುಳ್ಳಿಗೂ ವಾರ ತಿಥಿ ನೋಡುವ ಲಿಂಗಾಯತರ ಮನೆಯ ಹೆಣ್ಣುಮಗಳು ಮೀನಿನ ಹೊಟ್ಟೆಗೆ ಕೈ ಹಾಕಿದ್ದು ಹೇಗೆ ಎಂದು ಒಮ್ಮೆ ಕೇಳಿದೆ. ಮಾರ್ಗದರ್ಶಕ ಪ್ರೊಫೆಸರರ ಹತ್ತಿರ ಉಳಿದಿದ್ದ ವಿಷಯ ಅದೊಂದೇ ಆಗಿತ್ತಂತೆ. ಬೇರೆಯವರು ಚಿಟ್ಟೆ, ಎರೆಹುಳು, ರೇಷ್ಮೆಹುಳುಗಳನ್ನೆಲ್ಲ ಮೊದಲೇ ಹಂಚಿಕೊಂಡಿದ್ದರು.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಬಸ್ಸುಗಳು ಕುಣಿಗಲ್ ಮೇಲೆಯೇ ಹೋಗುತ್ತವೆ. ಶನಿವಾರ ಕ್ಲಾಸು ಮುಗಿಸಿ ಗಂಗಕ್ಕ ಅಲ್ಲೇ ಬಸ್ಸು ಹತ್ತಿಬಿಡುತ್ತಿದ್ದರು. ಭಾನುವಾರವೆಲ್ಲ ಮಂಗಳೂರಿನ ಮೀನು ದಕ್ಕೆಯಲ್ಲಿ ಬೋಟುಗಳು ಬಂದು ನಿಲ್ಲುವ ಜಾಗದಲ್ಲಿ ಕೂತಿರುವುದು. ಯಶೋದಕ್ಕ ಎಂಬ ಮೀನು ಮಾರುವ ಹೆಂಗಸು ಇವರಿಗಾಗಿ ಆ ಬೇಡದ ಮೀನನ್ನೆಲ್ಲ ಒಂದು ಬುಟ್ಟಿಗೆ ಎತ್ತಿಡುತ್ತಿದ್ದಳು. ಅದನ್ನು ಮುಚ್ಚಳವಿರುವ ಪೇಂಟಿನ ಬಕೆಟ್ಟಿಗೆ ಹಾಕಿ, ಕೆಡದಂತೆ ಫಾರ್ಮಲಿನ್ ಸುರಿದು, ಸೋಮವಾರ ಬೆಳಗ್ಗೆ ಬಸ್ಸಿನಿಂದ ಇಳಿದು ನೇರವಾಗಿ ಕಾಲೇಜಿಗೆ ಬರುತ್ತಿದ್ದರು. ಒಮ್ಮೆ ಹಾಸನದ ಹತ್ತಿರ ಕಂಡಕ್ಟರು ಬಕೆಟ್ಟಿನಲ್ಲಿ ಏನಿದೆ ಎಂದು ಜಬರದಸ್ತಿನಿಂದ ಕೇಳಿದನಂತೆ. "ಬಸ್ರಿ ಹೆಂಗಸ್ರು ಕಣಪ್ಪ. ಫ್ರೀ ಅಲ್ವಾ?" ಎಂದು ಇವರು ಮತ್ತೆ ಕಣ್ಣು ಮುಚ್ಚಿದರಂತೆ. ಇದನ್ನು ನನಗೆ ಹೇಳುವಾಗಲೂ ಅವರು ನಗಲಿಲ್ಲ, ನಾನೇ ನಕ್ಕೆ.

ಕಾಲೇಜಿನ ಹಿಂಭಾಗದಲ್ಲಿ ಪ್ರಾಣಿಶಾಸ್ತ್ರದ ಲ್ಯಾಬು. ಮಧ್ಯಾಹ್ನದ ಮೇಲೆ ಅಲ್ಲಿ ಅವರು ಮೀನು ಕೊಯ್ಯುತ್ತಿದ್ದರು, ನಾನು ಬಸ್ಸಿನ ಹೊತ್ತಾಗುವವರೆಗೆ ಸ್ಟೂಲಿನ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವರು ಕೆಲಸ ಮಾಡುವ ರೀತಿ ನಮ್ಮಮ್ಮ ಹಬ್ಬದ ದಿನ ಅಡುಗೆಗೆ ಕೂತ ಹಾಗೆ. ಯಾವುದನ್ನೂ ತೊಳೆಯದೆ ಮುಟ್ಟುತ್ತಿರಲಿಲ್ಲ. ಮೀನನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು, ಹೊಟ್ಟೆ ಸೀಳಿದ ಮೇಲೆ ಮತ್ತೆ ತೊಳೆಯುವುದು, ಗರ್ಭಕೋಶವನ್ನು ಬಿಡಿಸಿ ತೆರೆದು ಸೊಪ್ಪು ತೊಳೆದಂತೆ ಮೂರು ನೀರಿನಲ್ಲಿ ಜಾಲಿಸುವುದು. ಆಮೇಲೇ ಕಣ್ಣಿಟ್ಟು ನೋಡುವುದು. ಕಲಿಸಿಕೊಟ್ಟ ಪ್ರೊಫೆಸರು ಅಷ್ಟು ತೊಳೆಯಲು ಹೇಳಿರಲಿಲ್ಲ. ಇದು ಮನೆಯಿಂದ ಬಂದ ಕೈ. ಅತ್ತೆ ನಂಜಮ್ಮನವರು ಮೀನಿನ ಕೆಲಸಕ್ಕೆ ಒಪ್ಪಿಗೆ ಕೊಟ್ಟಿದ್ದೇ ಒಂದು ಕರಾರಿನ ಮೇಲೆ. ಬಕೆಟ್ಟು ಮನೆಯ ಹೊಸ್ತಿಲು ದಾಟಬಾರದು, ಸೊಸೆ ಬಂದವಳು ತಲೆಗೆ ಸ್ನಾನ ಮಾಡದೆ, ಹುಣಸೆಹಣ್ಣು ಹಾಕಿ ಕೈ ತಿಕ್ಕದೆ, ಅಡುಗೆಮನೆಗೆ ಕಾಲಿಡಬಾರದು. ಹೀಗೆ ವರ್ಷಗಟ್ಟಲೆ ತೊಳೆದು ತೊಳೆದು ಗಂಗಕ್ಕನ ಬೆರಳ ತುದಿಗಳು ಯಾವಾಗಲೂ ಸುಕ್ಕುಗಟ್ಟಿಕೊಂಡೇ ಇರುತ್ತಿದ್ದವು.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ವ್ಯಾಕರಣ ಹೇಳುತ್ತಿದ್ದ ನಾನು ಎಷ್ಟೋ ಸಲ ನಿಲ್ಲಿಸಿ ಅವರ ಪಾಠ ಕೇಳಿದ್ದುಂಟು. ಈ ಮೀನು ಮೊಟ್ಟೆಯಿಡುವುದಿಲ್ಲ, ಮರಿ ತಾಯಿಯ ಹೊಟ್ಟೆಯಲ್ಲೇ ಬೆಳೆಯುತ್ತದೆ. ಮೊದಲು ಮರಿಯ ಹೊಟ್ಟೆಗೆ ಅಂಟಿಕೊಂಡೇ ಒಂದು ಚೀಲ ಭಂಡಾರವಿರುತ್ತದೆ, ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿಯ ಹಾಗೆ. ಬುತ್ತಿ ತೀರುತ್ತ ಬಂದಂತೆ ತಾಯಿಯ ಗರ್ಭಕೋಶದ ಒಳಗೋಡೆಯಲ್ಲಿ ಟರ್ಕಿ ಟವೆಲಿನ ಎಳೆಗಳಂತೆ ಸಣ್ಣ ಸಣ್ಣ ಕುಚ್ಚುಗಳು ಬೆಳೆದು ಅದರಿಂದ ಹಾಲಿನಂಥದ್ದು ಜಿನುಗುತ್ತದೆ. ಮರಿ ಅದನ್ನು ಕುಡಿದು ದೊಡ್ಡದಾಗುತ್ತದೆ. ಶಾಕ್ ಹೊಡೆಯುವ ಅಂಗವೂ ಒಳಗಿರುವಾಗಲೇ ತಯಾರಾಗಿರುತ್ತದೆ. ಈ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಪ್ರತಿ ವರ್ಷವೂ ಕಿಸಿಕಿಸಿ ನಗು ಏಳುತ್ತಿತ್ತು. ಗಂಗಕ್ಕ ಸೀಮೆಸುಣ್ಣ ಕೆಳಗಿಟ್ಟು, ಗದರದೆ, ಸುಸ್ತಾದ ದನಿಯಲ್ಲೇ ಹೇಳುತ್ತಿದ್ದರು: "ನಗ್ರಪ್ಪ, ನಗ್ರಿ. ನಿಮ್ಮನ್ನ ಹೊತ್ಕೊಂಡಿದ್ದಾಗ ನಿಮ್ಮಮ್ಮಂದ್ರಿಗೆ ನಗು ಬಂದಿರ್ಲಿಲ್ಲ." ಕ್ಲಾಸು ತಣ್ಣಗಾಗುತ್ತಿತ್ತು.

ಅವರ ಪ್ರಬಂಧದ ಮುಖ್ಯ ಶೋಧನೆಯನ್ನು ಅವರು ನನಗೆ ಕನ್ನಡದಲ್ಲಿ ಹೇಳಿದ್ದರು. ಬಸುರಿನ ಕಾಲದಲ್ಲಿ ಹಿಡಿದ ಹೆಣ್ಣುಗಳಲ್ಲಿಯೂ ಅರ್ಧಕ್ಕರ್ಧ ಖಾಲಿ. ಪ್ರಾಯಕ್ಕೆ ಬಂದಿವೆ, ಆದರೆ ಹೊಟ್ಟೆಯಲ್ಲಿ ಮರಿಯಿಲ್ಲ. ಅಂದರೆ ಈ ಮೀನು ಪ್ರತಿ ವರ್ಷ ಬಸುರಾಗುವುದಿಲ್ಲ, ಒಮ್ಮೆ ಹೆತ್ತರೆ ಒಂದು ವರ್ಷ ಸುಮ್ಮನಿರುತ್ತದೆ. ಬೇರೆ ಸಮುದ್ರಗಳ ಇದರ ನೆಂಟರಲ್ಲಿ ಹೀಗಿರುವುದು ಗೊತ್ತಿತ್ತು, ನಮ್ಮ ಕಡಲಿನ ಈ ಜಾತಿಯಲ್ಲಿ ತೋರಿಸಿದವರು ಯಾರೂ ಇರಲಿಲ್ಲ. ಪ್ರೊಫೆಸರಿಗೆ ಇದು ಬಹಳ ಹಿಡಿಸಿತ್ತು. ಗಂಗಕ್ಕನಿಗೂ ಹಿಡಿಸಿತ್ತು. "ಒಂದ್ ವರ್ಷ ಪೂರಾ ರೆಸ್ಟ್ ಕಣೆ ಅದಕ್ಕೆ. ಯಾರೂ ಏನೂ ಕೇಳಂಗಿಲ್ಲ" ಎಂದು ಖಾಲಿ ಮೀನುಗಳ ಜಾಡಿಗಳನ್ನು ನೋಡಿಕೊಂಡು ಹೇಳುತ್ತಿದ್ದರು. ಅಸೂಯೆ ಎಂದರೆ ತಪ್ಪಾದೀತು, ಆದರೆ ಅದರ ಹತ್ತಿರದ್ದೇನೋ ಆ ಮಾತಿನಲ್ಲಿತ್ತು.

ಗಂಗಕ್ಕನಿಗೆ ಮಕ್ಕಳಿರಲಿಲ್ಲ. ಅವರನ್ನು ಕೇಳುವವರಿಗೆ ಬರವೂ ಇರಲಿಲ್ಲ. ಗಂಡ ರುದ್ರೇಶಣ್ಣ ಗುಬ್ಬಿಯ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ಮೆದು ಮಾತಿನ ಮನುಷ್ಯ. ಅವರೇನೂ ಅನ್ನುತ್ತಿರಲಿಲ್ಲ. ಮದುವೆ ಮುಂಜಿಗೆ ಹೋದಲ್ಲಿ ನೆಂಟರು ಅನ್ನುತ್ತಿದ್ದರು. ಮೀನಿನ ಬಸುರು ಲೆಕ್ಕ ಹಾಕೋಳಿಗೆ ತನ್ನದು ಯಾವಾಗ ಅಂತೆ ಎಂದು ಬೆಳ್ಳಾವಿಯ ಒಂದು ಗೃಹಪ್ರವೇಶದಲ್ಲಿ ಯಾರೋ ಹೆಂಗಸು ಊಟದ ಪಂಕ್ತಿಯಲ್ಲಿ ಜೋರಾಗಿಯೇ ಕೇಳಿದಳಂತೆ. ನಂಜಮ್ಮನವರು ಸೊಸೆಯ ಪರವಾಗಿ ಏನಾದರೂ ಹೇಳಿದರಾ ಎಂದು ವಿಚಾರಿಸಿದೆ. ಅವರೂ ಎಲೆ ನೋಡಿಕೊಂಡು ಊಟ ಮಾಡಿದರಂತೆ.

ಹೀಗಿರುವಾಗ ಎರಡು ಸಂಗತಿ ಒಟ್ಟಿಗೆ ಬಂದವು. ಡಾಕ್ಟರೇಟ್ ಅಥವಾ ಅರ್ಹತಾ ಪರೀಕ್ಷೆ ಇಲ್ಲದವರಿಗೆ ಮುಂದಿನ ವರ್ಷದಿಂದ ಕೆಲಸವಿಲ್ಲ ಎಂಬ ಮಾತು ಕಾಲೇಜಿನಲ್ಲಿ ಗಟ್ಟಿಯಾಯಿತು. ನಾನು ಆ ಪರೀಕ್ಷೆ ಪಾಸಾಗಿದ್ದೆ, ಗಂಗಕ್ಕ ಆಗಿರಲಿಲ್ಲ. ಪ್ರೊಫೆಸರು ಮಾರ್ಚಿನಲ್ಲಿ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಪ್ರಬಂಧ ಸಲ್ಲಿಸಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಹದಿನಾಲ್ಕು ವರ್ಷವೂ ನೀರಿನಲ್ಲಿ ಹೋಮ. ಪ್ರಬಂಧ ಹೆಚ್ಚುಕಡಿಮೆ ಮುಗಿದಿತ್ತು, ಕೆಲವು ಫೋಟೋ ಬಾಕಿ, ಅಷ್ಟೆ. ಎರಡನೆಯ ಸಂಗತಿ ಏನೆಂದರೆ, ನಲವತ್ತೊಂದನೆಯ ವಯಸ್ಸಿನಲ್ಲಿ ಗಂಗಕ್ಕ ಬಸುರಾದರು.

ಅವರು ನನಗೆ ಹೇಳಿದ್ದು ಬಸ್ಸಿನಲ್ಲಿ, ಅದೇ ಕಂಬಿ ಹಿಡಿದುಕೊಂಡು. ನಾನು ಕೂತಿದ್ದವರೊಬ್ಬರನ್ನು ಎಬ್ಬಿಸಿ ಸೀಟು ಕೊಡಿಸಿದೆ. ಅಂದಿನಿಂದ ಪ್ರತಿದಿನ ಅದೇ ನನ್ನ ಕೆಲಸವಾಯಿತು, ದಿನವೂ ಯಾರೊಂದಿಗಾದರೂ ಜಗಳ. ಐದು ತಿಂಗಳು ತುಂಬಿತು. ದಸರಾ ರಜೆ ಮುಗಿದ ವಾರ ಅವರು ಕಾಲೇಜಿಗೆ ಬರಲಿಲ್ಲ. ರುದ್ರೇಶಣ್ಣ ಫೋನು ಮಾಡಿ, ಮಗು ಉಳಿಯಲಿಲ್ಲ ಕಣಮ್ಮ ಎಂದು ಹೇಳಿ ಇಟ್ಟುಬಿಟ್ಟರು.

ನಾನು ನೋಡಲು ಹೋದಾಗ ಆ ಸಣ್ಣ ಮನೆಯ ತುಂಬ ಮಲ್ಲಿಗೆಯ ವಾಸನೆ. ಸಾವಾದ ಮನೆಯಲ್ಲಿ ಮಲ್ಲಿಗೆ ಯಾಕೆ ಎಂದು ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಗಂಗಕ್ಕ ಒಳಕೋಣೆಯಲ್ಲಿ ಮಲಗಿದ್ದರು. ನಂಜಮ್ಮನವರು ಒಂದು ಮೊರದ ತುಂಬ ಬಿಡಿ ಮಲ್ಲಿಗೆ ಇಟ್ಟುಕೊಂಡು, ಅದನ್ನು ಬಟ್ಟೆಯಲ್ಲಿ ಹರಡಿ, ಸೊಸೆಯ ಎದೆಗೆ ಕಟ್ಟುತ್ತಿದ್ದರು. ಕುಡಿಯುವವರಿಲ್ಲದಿದ್ದರೂ ಹಾಲು ಬಂದಿತ್ತು. ಕಟ್ಟಿಕೊಂಡ ಹಾಲು ನಿಲ್ಲಬೇಕಾದರೆ ಮಲ್ಲಿಗೆ ಕಟ್ಟಬೇಕು ಎಂಬುದು ನಮ್ಮ ಕಡೆಯ ಹಳೆಯ ಹೆಂಗಸರಿಗೆಲ್ಲ ಗೊತ್ತು. ಮಲ್ಲಿಗೆಯ ಕಾಲವಲ್ಲದ ಕಾಲ, ಆ ಮುದುಕಿ ಬೆಳಗಿನ ಜಾವ ಹೂವಿನ ಮಾರ್ಕೆಟ್ಟಿಗೆ ಹೋಗಿ ಸಿಕ್ಕಷ್ಟನ್ನು ತರುತ್ತಿದ್ದರು. ಬಾಡಿದ್ದನ್ನು ತೆಗೆದು ಹೊಸದನ್ನು ಕಟ್ಟುವುದು, ಮತ್ತೆ ಬಾಡಿದ್ದನ್ನು ತೆಗೆಯುವುದು. ಗಂಗಕ್ಕ ನನ್ನನ್ನು ನೋಡಿ, "ಡಾಕ್ಟ್ರು ರೆಸ್ಟ್ ಮಾಡಿ ಅಂದವ್ರೆ" ಎಂದರು. ನನಗೆ ಅಲ್ಲಿ ಕೂರಲಾಗಲಿಲ್ಲ, ಕಾಫಿ ಕುಡಿಯದೆ ಎದ್ದು ಬಂದೆ.

ಹದಿನೈದು ದಿನಕ್ಕೇ ಅವರು ಮತ್ತೆ ಬಸ್ಸಿನಲ್ಲಿದ್ದರು. ರಜೆ ಹೆಚ್ಚು ಹಾಕಿದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ ಎಂಬ ಹೆದರಿಕೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವರೊಂದಿಗೆ ದನಿ ತಗ್ಗಿಸಿ ಮಾತಾಡಿದರು, ಒಬ್ಬಿಬ್ಬರು ಮುಂದಿನ ಸಲ ಎಲ್ಲ ಸರಿಹೋಗುತ್ತೆ ಎಂದರು. ಅವರು ಆಗ್ಲಿ ಬುಡಿ ಎಂದು ರಿಜಿಸ್ಟರಿಗೆ ಸಹಿ ಹಾಕಿದರು. ಮಧ್ಯಾಹ್ನ ಲ್ಯಾಬಿಗೆ ಹೋಗಿ, ದಸರಾಕ್ಕೆ ಮುಂಚೆ ತಂದಿಟ್ಟಿದ್ದ ಬಕೆಟ್ಟನ್ನು ತೆರೆದರು. ಫೋಟೋಗೆ ಒಂದು ಒಳ್ಳೆಯ ಖಾಲಿ ಮೀನು ಬೇಕಾಗಿತ್ತು.

ನಲ್ಲಿ ಕೋಣೆಯ ಆ ಮೂಲೆಯಲ್ಲಿ, ಮೇಜು ಈ ಮೂಲೆಯಲ್ಲಿ. ಅವರಿಗೆ ಅಂದು ಮೂರು ನೀರಿಗೆ ಓಡಾಡುವ ಶಕ್ತಿ ಇರಲಿಲ್ಲ. ನಾನು ತೊಳೆದುಕೊಡಲೇ ಎಂದೆ, ಬೇಡವೆಂದು ಕೈಯಾಡಿಸಿದರು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ತೊಳೆಯದೆ ಕೊಯ್ದರು, ಗರ್ಭಕೋಶವನ್ನು ತೊಳೆಯದೆ ತೆರೆದರು. ತೆರೆದವರು ಹಾಗೆಯೇ ನಿಂತರು. ನಾನು ತಲೆ ತಿರುಗಿತೇನೋ ಎಂದು ಎದ್ದು ಹತ್ತಿರ ಹೋದೆ. ಮೀನಿನ ಗರ್ಭಕೋಶದೊಳಗೆ ಬೆಳ್ಳಗೆ, ಫಾರ್ಮಲಿನ್ನಿನಲ್ಲಿ ಮೊಸರಿನ ಹಾಗೆ ಹೆಪ್ಪುಗಟ್ಟಿದ್ದು ಏನೋ ಇತ್ತು.

"ಮರಿ ಇಲ್ಲ ಕಣೆ" ಎಂದರು ಗಂಗಕ್ಕ. "ಹಾಲೈತೆ."

ಆಮೇಲೆ ಅವರು ಸ್ಟೂಲಿನ ಮೇಲೆ ಕೂತು, ನನಗೆ ಪಾಠ ಹೇಳುವಂತೆ, ತಮಗೇ ಹೇಳಿಕೊಳ್ಳುವಂತೆ ಹೇಳಿದರು. ಬಿಡುವಿನಲ್ಲಿರುವ ಮೀನಿಗೆ ಹಾಲಿರುವುದಿಲ್ಲ, ಗೋಡೆ ನುಣ್ಣಗಿರುತ್ತದೆ. ಹಾಲಿದೆ ಎಂದರೆ ಸಾಯುವ ಸ್ವಲ್ಪ ಮುಂಚಿನವರೆಗೆ ಮರಿ ಇತ್ತು. ಬಲೆ ಎಳೆಯುವಾಗ ಆ ಸಂಕಟಕ್ಕೆ ಹೊಟ್ಟೆಯಲ್ಲಿದ್ದದ್ದನ್ನು ಹಾಕಿಬಿಟ್ಟಿದೆ. ತೊರಕೆ ಜಾತಿಯ ಮೀನುಗಳು ಹಾಗೆ ಮಾಡುವುದುಂಟು ಎಂದು ಅವರು ಓದಿದ್ದರು, ತಮ್ಮ ಮೀನಿನ ವಿಷಯದಲ್ಲಿ ಯೋಚಿಸಿರಲಿಲ್ಲ. ದಕ್ಕೆಯ ಬುಟ್ಟಿಗಳ ತಳದಲ್ಲಿ, ಕಸದ ಮೀನಿನ ಜೊತೆ, ಅಂಗೈಗಿಂತ ಚಿಕ್ಕ ಮರಿಗಳು ಸಿಗುತ್ತಿದ್ದವು. ಅವು ಬೇರೆಯಾಗಿ ಬಲೆಗೆ ಬಿದ್ದವು ಎಂದುಕೊಂಡು ಇವರು ಹದ್ದುಗಳಿಗೆ ಎಸೆಯಲು ಬಿಡುತ್ತಿದ್ದರು.

ಮುಂದಿನ ವಾರವೆಲ್ಲ ಅವರು ಹಳೆಯ ಜಾಡಿಗಳನ್ನು ಒಂದೊಂದಾಗಿ ಇಳಿಸಿ ಲೆನ್ಸಿನಲ್ಲಿ ನೋಡಿದರು. ಹಾಲು ಎಂದೋ ನಲ್ಲಿಯ ನೀರಿನಲ್ಲಿ ಹರಿದುಹೋಗಿತ್ತು. ಆದರೆ ಗೋಡೆಯ ಕುಚ್ಚುಗಳು ಹಾಗೇ ಇದ್ದವು, ತೊಳೆದ ರಭಸಕ್ಕೆ ಒತ್ತಾಗಿ ಮಲಗಿದ್ದವು, ಅಷ್ಟೆ. ನುಣ್ಣನೆಯ ಗೋಡೆಯವು ಬೆರಳೆಣಿಕೆಯಷ್ಟು. ಅವರು ಇಷ್ಟು ವರ್ಷ ಬಿಡುವಿನಲ್ಲಿವೆ ಎಂದು ಬರೆದಿಟ್ಟಿದ್ದ ಮೀನುಗಳಲ್ಲಿ ಹೆಚ್ಚಿನವು ಬಿಡುವಿನಲ್ಲಿರಲಿಲ್ಲ. "ಇವಕ್ಕೂ ರೆಸ್ಟಿಲ್ಲ ಕಣೆ. ವರ್ಷ ವರ್ಷಾನೂ ಹೊರ್ತಾವೆ, ನಾವು ವರ್ಷ ವರ್ಷಾನೂ ಬೀಳಿಸ್ತೀವಿ" ಎಂದರು. ನನಗೆ ಅವರ ಮೇಲೆ ಸಿಟ್ಟು ಬಂತು. ಮೀನಿನ ಹಾಲು ಇನ್ನೊಂದು ಆರು ತಿಂಗಳು ಕಣ್ಣಿಗೆ ಬೀಳದೆ ಇದ್ದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎನ್ನಿಸಿತು.

ಪ್ರೊಫೆಸರು ಕೆಟ್ಟವರಲ್ಲ. ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. ಈಗ ಇದ್ದ ಹಾಗೆ ಸಲ್ಲಿಸಿ, ಪದವಿ ಬಂದ ಮೇಲೆ ಇದನ್ನು ಬೇರೆ ಲೇಖನವಾಗಿ ಬರೆಯಿರಿ ಎಂದರು. ಗಂಗಕ್ಕ ಒಪ್ಪದಿದ್ದಾಗ ಅವರು ಕೇಳಿದ್ದೂ ನ್ಯಾಯವಾಗಿಯೇ ಇತ್ತು. ಆ ಮೀನುಗಳು ಸರಿಯಾದ ಕಾಲಕ್ಕೆ ಹೆತ್ತು ಆಮೇಲೆ ಬಲೆಗೆ ಬಿದ್ದಿರಬಹುದಲ್ಲ? ಬಲೆಯಲ್ಲಿ ಮರಿ ಹಾಕಿದ್ದನ್ನು ನೀವು ನೋಡಿದ್ದೀರಾ? ದಿನ ತುಂಬದ ಮರಿಗಳನ್ನು ತಾಯಿಯ ಜೊತೆಗೇ ಹಿಡಿದು ಜಾಡಿಯಲ್ಲಿ ತಂದು ತೋರಿಸಿದರೆ ಆ ಅಧ್ಯಾಯವನ್ನೇ ಬದಲಾಯಿಸೋಣ, ಮಾರ್ಚಿನೊಳಗೆ ಮಾತ್ರ.

ಮನೆಯಲ್ಲಿಯೂ ಮಾತಾಯಿತು. ನಾನು ಹೋಗಿದ್ದ ದಿನವೇ ಆಯಿತು. ರುದ್ರೇಶಣ್ಣ ತಮ್ಮ ಮೆದು ದನಿಯಲ್ಲಿ, ಸಾಕು ಮಾಡು ಗಂಗಾ, ಇದ್ದದ್ದನ್ನು ಕೊಟ್ಟು ಕೈ ತೊಳೆದುಕೋ ಎಂದರು. ನಾನೂ ಅದನ್ನೇ ಹೇಳಿದೆ. ಗಂಗಕ್ಕನ ಮುಖ ಬಿಳಿಚಿಕೊಂಡಿತ್ತು, ಇನ್ನೊಂದು ಸಲ ಮಂಗಳೂರಿಗೆ ಹೋಗಿಬರುವ ಸ್ಥಿತಿಯಲ್ಲಿ ಅವರಿರಲಿಲ್ಲ. ಅವರೆಕಾಯಿ ಸುಲಿಯುತ್ತ ಕೂತಿದ್ದ ನಂಜಮ್ಮನವರಿಗೆ ಈ ಗೊಂದಲ ಏನೆಂದು ತಿಳಿಯಲಿಲ್ಲ. ಏನಾಗಿದೆ ಎಂದು ಸೊಸೆಯನ್ನೇ ಕೇಳಿದರು. ಮರಿ ಇಲ್ಲದ ಮೀನುಗಳೆಲ್ಲ ಬಸುರೇ ಆಗಿಲ್ಲ ಎಂದು ಬರೆದಿದ್ದೆ, ಆಗಿದ್ದವಂತೆ, ಬಲೆಯಲ್ಲಿ ಕಳೆದುಕೊಂಡಿದ್ದವಂತೆ ಎಂದು ಗಂಗಕ್ಕ ವಿವರಿಸಿದರು. ಅತ್ತೆಯ ಕೈ ಸುಲಿಯುವುದನ್ನು ನಿಲ್ಲಿಸಿತು.

"ಕಳ್ಕಂಡೋಳ್ನ ಬಂಜೆ ಅಂತ ಬರೀಬ್ಯಾಡ ಕಣವ್ವ" ಎಂದರು. "ಹೋಗ್ಬಾ. ನಾನು ಮನೆ ನೋಡ್ಕೊತೀನಿ."

ನಂಜಮ್ಮನವರು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಬೆಳ್ಳಾವಿಯ ಪಂಕ್ತಿಯಲ್ಲಿ ಆಡದೆ ಉಳಿದ ಮಾತನ್ನು ಅವರು ಇಂದು ಆಡಿದರು ಎಂದು ನನಗನ್ನಿಸಿತು, ಗಂಗಕ್ಕನಿಗೂ ಅನ್ನಿಸಿರಬೇಕು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕಾಫಿಗೆ ಇಡಲು ಎದ್ದರು.

ಬಲೆಯ ಹತ್ತಿರವೇ ಇರಬೇಕಾದರೆ ಬೋಟಿನಲ್ಲೇ ಹೋಗಬೇಕು, ಆದರೆ ಹೆಂಗಸರನ್ನು ಹತ್ತಿಸುವ ರೂಢಿ ಮಂಗಳೂರಿನಲ್ಲಿಲ್ಲ. ಯಶೋದಕ್ಕ ತನ್ನ ತಮ್ಮನ ಹತ್ತಿರ ಎಷ್ಟು ಸಲ ಗೋಗರೆದಳೋ, ಕೊನೆಗೆ ಬೆಳಗ್ಗೆ ಹೋಗಿ ಸಂಜೆ ಬರುವ ಅವನ ಸಣ್ಣ ಬೋಟಿನಲ್ಲಿ ಒಂದು ದಿನ, ಒಂದೇ ಒಂದು ದಿನ ಎಂದು ಒಪ್ಪಿಗೆಯಾಯಿತು. ಸಂಕ್ರಾಂತಿಯ ರಜೆಯಲ್ಲಿ ಗಂಗಕ್ಕ ಹೊರಟರು. ದಡದಲ್ಲಷ್ಟೇ ಕೂತು ಗೊತ್ತಿರುವವರಿಗೆ ಸಮುದ್ರದ ಮೇಲೆ ವಾಂತಿಯಾದೀತು ಎಂದು ನಾನು ನಿಂಬೆಹಣ್ಣು ಕೊಟ್ಟು ಕಳಿಸಿದೆ. ಈ ಸಲ ಹಿಡಿದರೆ ಎಲ್ಲ ಮುಗಿಯಿತು, ಮಾರ್ಚಿಗೆ ಪ್ರಬಂಧ, ಜೂನಿಗೆ ಕೆಲಸ ಎಂದು ಇಬ್ಬರೂ ಲೆಕ್ಕ ಹಾಕಿದ್ದೆವು.

ಈಗ ಅವರು ನಮ್ಮ ಕಾಲೇಜಿನಲ್ಲಿಲ್ಲ, ಆ ಸಂಕ್ರಾಂತಿಯ ನಂತರ ಬರಲೇ ಇಲ್ಲ. ಪ್ರೊಫೆಸರು ನಿವೃತ್ತರಾದರು, ಪ್ರಬಂಧ ಸಲ್ಲಿಕೆಯಾಗಲಿಲ್ಲ. ಹಳೆಯದನ್ನು ಅವರು ಕೊಡಲಿಲ್ಲ, ಹೊಸದಕ್ಕೆ ಆಧಾರವಿರಲಿಲ್ಲ. ಜೂನಿನಲ್ಲಿ ಅವರ ಜಾಗಕ್ಕೆ ಬೇರೊಬ್ಬರು ಬಂದರು, ಒಳ್ಳೆಯ ಹುಡುಗಿ, ಜಾಡಿಗಳನ್ನು ಮುಟ್ಟುವುದಿಲ್ಲ. ಗಂಗಕ್ಕ ಮನೆಮಂದಿಯೊಂದಿಗೆ ಗುಬ್ಬಿಗೇ ಹೋಗಿ ನೆಲೆಸಿದ್ದಾರೆ. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಹೇಳುತ್ತಾರಂತೆ. ನಾನು ಫೋನು ಮಾಡಿದರೆ ಚುಟುಕಾಗಿ ಮಾತಾಡಿ ಇಡುತ್ತಾರೆ. ಬಸ್ಸಿನಲ್ಲಿ ಕಂಡಕ್ಟರು ಈಗಲೂ ಒಮ್ಮೊಮ್ಮೆ ಮೇಡಮ್ಮು ಎಲ್ಲಿ ಎಂದು ಕೇಳುತ್ತಾನೆ. ನನಗೆ ಅವರಿಲ್ಲದ ದಾರಿ ಬಹಳ ದೂರವಾಗಿದೆ.

ನಾನು ಅವರನ್ನು ಕಡೆಯದಾಗಿ ಕಂಡದ್ದು ಆ ಸಂಕ್ರಾಂತಿ ಕಳೆದ ಬೆಳಗ್ಗೆ, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ. ನಾನು ತುಮಕೂರಿನ ಬಸ್ಸಿನಿಂದ ಇಳಿದೆ, ಅವರು ಅದಾಗಲೇ ಮಂಗಳೂರಿನ ಬಸ್ಸಿನಿಂದ ಇಳಿದು ಒಂದು ಬೆಂಚಿನ ಮೇಲೆ ಕೂತಿದ್ದರು. ಮುಖವೆಲ್ಲ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ತುಟಿ ಒಡೆದಿತ್ತು. ಕಾಲೇಜಿಗೆ ಹೋಗೋಣ ನಡೀರಿ ಎಂದು ನಾನು ಬಕೆಟ್ಟನ್ನು ಎತ್ತಿಕೊಂಡೆ. ಅದು ಹಗುರವಾಗಿತ್ತು. ಅವರು ನನ್ನನ್ನು ತಡೆದು ಪಕ್ಕದಲ್ಲಿ ಕೂರಿಸಿದರು. ಮನೆಗೆ ಹೋಗಿ ಮಲಗಬೇಕು, ಇಂದು ಬರುವುದಿಲ್ಲ ಎಂದರು.

ಮರಿ ಸಿಗಲಿಲ್ಲವೇ ಎಂದು ಕೇಳಿದೆ. ಸಿಕ್ಕಿದವಂತೆ. ತಾವು ಅಂದುಕೊಂಡದ್ದೆಲ್ಲ ನಿಜವಂತೆ. ಬಲೆ ನೀರಿನಿಂದ ಮೇಲೆ ಬರುತ್ತಿದ್ದ ಹಾಗೆಯೇ, ಹಲಗೆಯ ಮೇಲೆ ಸುರಿಯುವುದಕ್ಕೂ ಮುಂಚೆ, ಹೆಣ್ಣುಗಳು ಹಾಕತೊಡಗಿದವಂತೆ. ಒಂದು ನಾಲ್ಕು, ಒಂದು ಆರು. ಕೆಲವಕ್ಕೆ ಬುತ್ತಿಯ ಚೀಲವೂ ಹಾಗೇ ಇತ್ತು. ಬೋಟಿನವರು ಅವನ್ನು ಕಾಲಿನಿಂದ ಒಂದು ಕಡೆ ಸರಿಸುತ್ತಿದ್ದರು. ಇವರು ಮಂಡಿಯೂರಿ ಕೂತು ಎಣಿಸಿ, ಒಂದೊಂದನ್ನೇ ಎತ್ತಿ ಸಮುದ್ರಕ್ಕೆ ಬಿಟ್ಟರಂತೆ, ಸಂಜೆಯವರೆಗೂ. ಬದುಕಿದವೋ ಇಲ್ಲವೋ ಗೊತ್ತಿಲ್ಲ, ಬುತ್ತಿ ತೀರದವು ಬದುಕಿರಲಿಕ್ಕಿಲ್ಲ ಎಂದರು.

ಒಂದೆರಡನ್ನಾದರೂ ಇಟ್ಟುಕೊಳ್ಳಬಹುದಿತ್ತಲ್ಲ ಗಂಗಕ್ಕ, ಹೇಗೂ ಸಾಯುವವು ಎಂದೆ. ನನ್ನ ದನಿ ಬಿರುಸಾಗಿತ್ತು. ಅವರು ತಮ್ಮ ಬಲಗೈಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಅದನ್ನೇ ನೋಡಿದರು.

"ಒಂದನ್ನ ಹಿಡ್ಕೊಂಡಿದ್ದೆ ಕಣೆ, ಬಕೆಟ್ ಮೇಲೆ. ಫಾರ್ಮಲಿನ್ ವಾಸ್ನೆ ಹೊಡೀತಿತ್ತು. ಹುಟ್ಟಿ ಒಂದ್ ಗಳಿಗೆನೂ ಆಗಿರ್ಲಿಲ್ಲ. ಇನ್ನೇನು ಬಿಡ್ಬೇಕು, ಅಷ್ಟ್ರಲ್ಲಿ ಜುಂ ಅಂತ ಹೊಡೀತು ಕೈಗೆ. ಇಷ್ಟೇ ಇಷ್ಟು. ಇರುವೆ ಕಚ್ಚಿದಂಗೆ. ಅದ್ರ ಕೈಲಾದಷ್ಟು ಹೊಡೀತು. ಅದು ಬುಟ್ಬುಡು ಅಂತೈತೆ, ನಾನು ಹೆಂಗೆ ಒಳಕ್ಕೆ ಹಾಕ್ಲಿ, ಹೇಳು."

ತುಮಕೂರು ಬಸ್ಸು ಬಂದು ನಿಂತಿತು, ಅವರು ಎದ್ದು ಹತ್ತಿದರು.